ದೂರದ ನಡಿಗೆ ಮತ್ತು ಪಾದರಕ್ಷೆ

ನಡೆಯುವದನ್ನು ಯಾರಿಗೂ ಕಲಿಸಬೇಕಾಗಿಲ್ಲವೆಂದು ನಾವು ತಿಳಿದಿರುತ್ತೇವೆ. ಆದರೆ ಬಸ್ಸಿನಿಂದಿಳಿದು ಕಾಲೇಜಿನ ಬಾಗಿಲವರೆಗೆ ನಡೆಯುವ ನಡಿಗೆಗೂ, ಬೆಲ್ಲದ ಬಾಗೇವಾಡಿಯಿಂದ ಶ್ರೀಶೈಲದವರೆಗೆ ನಡೆಯುವ ನಡಿಗೆಗೂ ಹೆಸರು ಒಂದೇ ಹೊರತು ಕೆಲಸ ಒಂದೇ ಅಲ್ಲ. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಸಾಧಾರಣ ಮನುಷ್ಯನ ಒಂದು ಹೆಜ್ಜೆ ಸುಮಾರು ೭೦ ಸೆಂಟಿಮೀಟರು. ಸವದತ್ತಿಯ ಗುಡ್ಡಕ್ಕೆ ಇಲ್ಲಿಂದ ನೂರು ಕಿಲೋಮೀಟರೆಂದು ಹಿಡಿದರೆ ಒಂದು ಲಕ್ಷ ನಲವತ್ತು ಸಾವಿರಕ್ಕೆ ಮಿಕ್ಕಿ ಹೆಜ್ಜೆಗಳಾದವು. ಶ್ರೀಶೈಲಕ್ಕೆ ಐದುನೂರು ಕಿಲೋಮೀಟರೆಂದರೆ ಏಳು ಲಕ್ಷ. ಅಂದರೆ ಒಂದೊಂದು ಕಾಲು ಮೂರೂವರೆ ಲಕ್ಷ ಸಲ ನೆಲವನ್ನು ತುಳಿಯಬೇಕು. ಪಾದರಕ್ಷೆಯ ಒಳಗೆ ಒಂದು ಹೊಲಿಗೆ ಎದ್ದು ನಿಂತಿದ್ದರೆ ಅದು ಮೂರೂವರೆ ಲಕ್ಷ ಸಲ ಅದೇ ಚರ್ಮವನ್ನು ಒರೆಸುವದು. ಊರಲ್ಲಿ ಗಮನಕ್ಕೂ ಬಾರದ ದೋಷ ಹಾದಿಯಲ್ಲಿ ಯಾತ್ರಿಕನನ್ನು ಟ್ರಕ್ಕಿನಲ್ಲಿ ಕೂಡ್ರಿಸಿ ಹಿಂದಕ್ಕೆ ಕಳಿಸುವದು ಹೀಗೆ.

ಪರ್ವತಾರೋಹಣಕ್ಕೆ ಹೊರಟವರಿಗೆ ಬೂಟಿನ ವಿಚಾರ ಹೇಳುವ ಪುಸ್ತಕಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಆದರೆ ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ದೂರ ನಡೆಯುವವರು ಬೇರೆ ಜನ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಎಲ್ಲಮ್ಮನಿಗೆ ನಡೆಯುವವರು. ಆಷಾಢದಲ್ಲಿ ಪಂಢರಪುರಕ್ಕೆ ದಿಂಡಿಯೊಡನೆ ಹೋಗುವವರು. ಯುಗಾದಿಗೆ ಮುನ್ನ ಕಂಬಿ ಹೊತ್ತು ಮಲ್ಲಯ್ಯನ ಬೆಟ್ಟಕ್ಕೆ ಹೊರಡುವವರು. ಇವರೆಲ್ಲರಿಗಿಂತ ಹೆಚ್ಚಾಗಿ, ವರ್ಷದ ಅರ್ಧಭಾಗ ಕುರಿಗಳ ಹಿಂದೆ ನಡೆಯುವ ನಮ್ಮ ಕುರುಬರು. ಈ ನಡಿಗೆಗಳನ್ನು ಎದುರಿಗಿಟ್ಟುಕೊಂಡೇ ಪಾದರಕ್ಷೆಯ ವಿಚಾರ ಮಾಡುವದು ಯುಕ್ತ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿಯೂ ಯುಗಾದಿಯ ಮುಂಚೆ ಹದಿನೈದು ದಿನ ಹಾಜರಿ ಪುಸ್ತಕದಲ್ಲಿ ಕಾಣದವರು ಕೆಲವರಿರುತ್ತಾರೆ. ಅವರು ಎಲ್ಲಿರುತ್ತಾರೆಂಬದು ಗುರುಗಳಿಗೆ ತಿಳಿಯದ ಸಂಗತಿಯಲ್ಲ.

ಮೊದಲು ಕಾಲಿನಲ್ಲಿ ಗುಳ್ಳೆ ಏಳುವದು ಹೇಗೆಂಬದನ್ನು ತಿಳಿಯಬೇಕು. ಜೋಡು ಚರ್ಮವನ್ನು ಮೇಲಿನಿಂದ ಉಜ್ಜಿದ್ದರಿಂದ ಗುಳ್ಳೆಯಾಯಿತೆಂದು ಎಲ್ಲರೂ ಹೇಳುವರು. ಅದು ಅರ್ಧ ಸತ್ಯ. ಹೆಜ್ಜೆಯಿಡುವಾಗ ಒಳಗಿನ ಎಲುಬು ಮುಂದಕ್ಕೆ ಸರಿಯುವದು. ಮೇಲಿನ ಚರ್ಮವು ಕಾಲುಚೀಲಕ್ಕೋ ಅಟ್ಟೆಗೋ ಅಂಟಿಕೊಂಡು ಹಿಂದೆ ಉಳಿಯುವದು. ನಡುವಿನ ಪದರು ಆಚೆ ಈಚೆ ಜಗ್ಗಿಸಿಕೊಳ್ಳುತ್ತ ಜಗ್ಗಿಸಿಕೊಳ್ಳುತ್ತ ಕಡೆಗೆ ಒಳಗೇ ಹರಿದು, ಆ ಬಿರುಕಿನಲ್ಲಿ ನೀರು ತುಂಬುವದು. ಆದುದರಿಂದ ಗುಳ್ಳೆಗೆ ಮೂರು ಕಾರಣಗಳು ಕೂಡಬೇಕು: ಒತ್ತಡ, ಸರಿದಾಟ, ತೇವ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದೇಹದ ಉಳಿದ ಭಾಗಕ್ಕಿಂತ ದಟ್ಟವಾಗಿವೆ. ಒಣ ಚರ್ಮ ಜಾರುವದು, ಪೂರ್ಣ ನೆನೆದ ಚರ್ಮವೂ ಜಾರುವದು. ಬರೇ ತೇವಗೊಂಡ ಚರ್ಮ ಮಾತ್ರ ಹೆಚ್ಚು ಹಿಡಿಯುವದು. ಬೆವರಿದ ಕಾಲಿಗೆ ಬೇಗ ಗುಳ್ಳೆ ಏಳುವದು ಇದರಿಂದಲೇ. ಪೌಡರು ಸುರಿದರೆ ತೇವ ಹೋಗುವದೆಂದು ನಂಬಿದವರುಂಟು. ಮೊದಲಿನ ಒಂದು ತಾಸು ಅದು ಕೆಲಸ ಮಾಡೀತು; ಆಮೇಲೆ ಬೆವರಿನೊಡನೆ ಕಲೆತು ಉಂಡೆಯಾಗಿ ಹೊಸ ಹರಳಾಗುವದು.

ಈ ಕಾರಣದಿಂದ ಕಾಲುಚೀಲದ ವಿಚಾರವನ್ನು ಜೋಡಿನ ವಿಚಾರಕ್ಕಿಂತ ಮೊದಲು ಎತ್ತಿಕೊಳ್ಳುತ್ತೇನೆ. ನಮ್ಮ ಪೇಟೆಗಳಲ್ಲಿ ಸುಲಭವಾಗಿ ದೊರೆಯುವದು ಹತ್ತಿಯ ಕಾಲುಚೀಲ. ಅಂಗಿಗೆ ಹತ್ತಿಯಂಥ ಬಟ್ಟೆ ಬೇರೊಂದಿಲ್ಲ. ಆದರೆ ಕಾಲಿಗೆ ಅದರ ಗುಣವೇ ದೋಷವಾಗುವದು. ಹತ್ತಿಯ ಎಳೆ ನೀರು ಕುಡಿದು ಉಬ್ಬಿ, ಅದನ್ನು ಬಿಟ್ಟುಕೊಡದೆ ಹಿಡಿದಿಟ್ಟು, ನೆರಿಗೆಗಟ್ಟುವದು. ಉಣ್ಣೆಯೂ ತೇವವನ್ನು ಹೀರುವದು, ಆದರೆ ಅದರ ಎಳೆಯ ಸ್ಥಿತಿಸ್ಥಾಪಕತೆ ಕೆಡುವದಿಲ್ಲ. ಕಾಲುಚೀಲ ತನ್ನ ಆಕಾರದಲ್ಲಿ ನಿಲ್ಲುವದು. ಅಕ್ರಿಲಿಕ್, ಪಾಲಿಯೆಸ್ಟರ್ ಮೊದಲಾದ ಕೃತಕ ನೂಲುಗಳು ನೀರನ್ನು ತಮ್ಮೊಳಗೆ ಬಿಟ್ಟುಕೊಳ್ಳದೆ ಹೊರಪದರಿಗೆ ಸಾಗಿಸುವವು. ೧೯೯೦ರಲ್ಲಿ ಅಮೇರಿಕೆಯ ಹೆರಿಂಗ್ ಮತ್ತು ರಿಚಿ ಎಂಬವರು ದೂರದ ಓಟಗಾರರ ಮೇಲೆ ಪ್ರಯೋಗ ಮಾಡಿ, ಹತ್ತಿಯದಕ್ಕಿಂತ ಅಕ್ರಿಲಿಕ್ ಕಾಲುಚೀಲದವರಲ್ಲಿ ಗುಳ್ಳೆಗಳು ಕಡಿಮೆಯೂ ಸಣ್ಣವೂ ಆಗಿದ್ದುದನ್ನು ಕಂಡರು. ಅವರೇ ೧೯೯೩ರಲ್ಲಿ ಸಾಧಾರಣ ಮೆತ್ತೆಯ ಕಾಲುಚೀಲಗಳಿಂದ ಪುನಃ ಪರೀಕ್ಷಿಸಿದಾಗ ಆ ವ್ಯತ್ಯಾಸ ತೋರಲಿಲ್ಲ. ಅಂದಮೇಲೆ ನೂಲಿನ ಜಾತಿಯೊಂದನ್ನೇ ನೋಡಿ ಕೊಳ್ಳಬಾರದು. ಹಿಮ್ಮಡಿ ಮತ್ತು ಮುಂಗಾಲಿನ ಕೆಳಗೆ ದಟ್ಟವಾದ ಹೆಣಿಕೆಯುಂಟೋ ಇಲ್ಲವೋ ಎಂದು ಕೈಯಿಂದ ಹಿಚುಕಿ ನೋಡಬೇಕು.

ನಮ್ಮ ಸೀಮೆಯ ಡೆಕ್ಕನಿ ಕುರಿಯ ಉಣ್ಣೆ ಕಂಬಳಿಗೆ ಪ್ರಸಿದ್ಧವಾಗಿದೆ. ಅದರಿಂದಲೇ ಕಾಲುಚೀಲ ಮಾಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಆ ಎಳೆ ಬಹಳ ಒರಟು. ಮಳೆಗೂ ಚಳಿಗೂ ಎದೆಗೊಡುವ ಕಂಬಳಿಗೆ ಅದೇ ಭೂಷಣ, ಅಂಗಾಲಿಗೆ ಅದೇ ಅರ. ಕಾಲುಚೀಲಕ್ಕೆ ಬೇಕಾದದ್ದು ಮೆರಿನೋದಂಥ ನಯವಾದ ಉಣ್ಣೆ. ಅದರ ಬೆಲೆ ವಿದ್ಯಾರ್ಥಿಯ ಕಿಸೆಗೆ ಭಾರ. ಅದಕ್ಕೊಂದು ಉಪಾಯವಿದೆ. ಒಳಗೆ ತೆಳ್ಳಗಿನ, ನುಣುಪಾದ ಪಾಲಿಯೆಸ್ಟರಿನದೊಂದು, ಅದರ ಮೇಲೆ ಉಣ್ಣೆ ಬೆರೆತ ದಪ್ಪನೆಯದೊಂದು, ಹೀಗೆ ಎರಡು ಕಾಲುಚೀಲ ತೊಟ್ಟರೆ ಸರಿದಾಟವು ಎರಡು ಬಟ್ಟೆಗಳ ನಡುವೆ ನಡೆದು ಚರ್ಮವು ಉಳಿದುಕೊಳ್ಳುವದು. ಅಮೇರಿಕೆಯ ಮರೀನ್ ದಳದ ಹೊಸ ಸಿಪಾಯಿಗಳ ಮೇಲೆ ಇದನ್ನು ಪರೀಕ್ಷಿಸಿ ಲಾಭವಿದೆಯೆಂದು ಕಂಡಿದ್ದಾರೆ. ಆದರೆ ಎರಡು ತೊಡುವವರು ಜೋಡನ್ನು ಕೊಳ್ಳುವಾಗಲೂ ಎರಡನ್ನೂ ತೊಟ್ಟೇ ಅಳತೆ ನೋಡಬೇಕು. ಹಾದಿಗೆ ಕನಿಷ್ಠ ಎರಡು ಜೊತೆ ಬೇಕು. ಒಂದು ಕಾಲಲ್ಲಿ, ಒಂದು ಚೀಲದ ಹೊರಗೆ ಬಿಸಿಲಿಗೆ ತೂಗಾಡುತ್ತ.

ಇನ್ನು ಜೋಡಿನ ಮಾತು. ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಶಬ್ದಗಳು! ಕೆರ, ಮೆಟ್ಟು, ಎಕ್ಕಡ, ಪಾವುಗೆ, ಚಮ್ಮಾವುಗೆ, ಕಾಲ್ಮರಿ, ಜೋಡು. ಪಾದರಕ್ಷೆಗೆ ಇಷ್ಟು ಹೆಸರು ಕೊಟ್ಟ ಸಮಾಜ ಅದನ್ನು ಹೊಲಿದವನನ್ನು ಮಾತ್ರ ಊರ ಹೊರಗಿಟ್ಟಿತು. ಬಸವಣ್ಣನವರ ಶರಣಾರ್ಥಿಗೆ ಪ್ರತಿಯಾಗಿ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರೆಂಬ ಕಥೆಯನ್ನು ಕೇಳದವರು ನಮ್ಮಲ್ಲಿಲ್ಲ. ಕಥೆಯನ್ನು ಕೇಳುತ್ತೇವೆ, ಆದರೆ ಸಮಗಾರನ ಮನೆಯಲ್ಲಿ ಕೂತು ಕಾಲಿನ ಅಳತೆ ಕೊಡುವ ರೂಢಿ ನಮ್ಮ ಕಣ್ಣೆದುರಿಗೇ ಕಡಿಮೆಯಾಗುತ್ತ ಬಂದಿದೆ. ಆತ ತೊಗಲಿನ ಮೇಲೆ ಎರಡೂ ಕಾಲನ್ನು ಬೇರೆ ಬೇರೆ ನಿಲ್ಲಿಸಿ ಗೆರೆ ಎಳೆಯುತ್ತಿದ್ದನು. ಇಂದಿನ ಅಂಗಡಿಯವನು ಒಂದು ಕಾಲಿಗೆ ಹಾಕಿ ನೋಡಿ, "ನಾಲ್ಕು ದಿನ ಹಾಕಿದರೆ ಬಿಡುತ್ತದೆ" ಎನ್ನುವನು. ಚರ್ಮದ್ದಾದರೆ ಅಗಲಕ್ಕೆ ಸ್ವಲ್ಪ ಬಿಟ್ಟೀತು. ಉದ್ದಕ್ಕೆ ಯಾವ ಜೋಡೂ ಬಿಡುವದಿಲ್ಲ.

ಜೋಡಿನ ನಂಬರು ಏನೆಂಬದು ಅನೇಕರಿಗೆ ಗೊತ್ತಿಲ್ಲ. ಇಂಗ್ಲಂಡಿನ ಪದ್ಧತಿಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಅಂತರ ಒಂದು ಜವೆಗೋದಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೆಯ ಒಂದು ಭಾಗ, ಸುಮಾರು ಎಂಟೂವರೆ ಮಿಲಿಮೀಟರು. (ನಮ್ಮ ಪ್ರಾಚೀನರೂ ಎಂಟು ಯವೆಗೆ ಒಂದು ಅಂಗುಲವೆಂದರು, ಕಾಳಿನಿಂದ ಅಳೆಯುವ ಬುದ್ಧಿ ಎಲ್ಲ ದೇಶಕ್ಕೂ ಒಂದೇ.) ಈ ನಂಬರು ಉದ್ದವನ್ನಷ್ಟೇ ಹೇಳುವದು, ಅಗಲದ ಸುದ್ದಿ ಎತ್ತುವದಿಲ್ಲ. ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಪಾದಗಳು ಮುಂದೆ ಅಗಲ. ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾಲಯದವರು ೨೦೨೧ರ ಡಿಸೆಂಬರಿನಿಂದ ೨೦೨೨ರ ಮಾರ್ಚದ ವರೆಗೆ ದೇಶದ ಲಕ್ಷಕ್ಕೆ ಮೇಲ್ಪಟ್ಟ ಜನರ ಪಾದಗಳನ್ನು ಯಂತ್ರದಿಂದ ಅಳೆದು ಇದೇ ಮಾತನ್ನು ಹೇಳಿದ್ದಾರೆ. ಭಾರತೀಯರಿಗೆಂದೇ 'ಭ' ಎಂಬ ಹೊಸ ಅಳತೆಯನ್ನೂ ಸೂಚಿಸಿದ್ದಾರೆ. ಅಗಲ ಸಾಲದ ಕಾರಣ ಉದ್ದದಲ್ಲಿ ಒಂದು ನಂಬರು ಹೆಚ್ಚಿನದನ್ನು ಕೊಳ್ಳುವದು ನಮ್ಮವರ ರೂಢಿ. ಆಗ ಬೆರಳಿಗೆ ಸುಖವಾದೀತು, ಹಿಮ್ಮಡಿ ಮಾತ್ರ ಒಳಗೆ ಎದ್ದು ಬೀಳುವದು. ಗುಳ್ಳೆ ಮುಂದಿನಿಂದ ಹಿಂದಕ್ಕೆ ಸ್ಥಳ ಬದಲಿಸುವದು, ಅಷ್ಟೇ.

ಅಳತೆ ನೋಡುವ ಕ್ರಮ ಹೀಗಿರಲಿ. ದಿನವೆಲ್ಲ ನಡೆದ ಕಾಲು ಊದಿಕೊಳ್ಳುವದರಿಂದ ಸಂಜೆಯ ಹೊತ್ತಿಗೆ ಅಂಗಡಿಗೆ ಹೋಗಬೇಕು. ಎರಡು ಕಾಲುಗಳಲ್ಲಿ ದೊಡ್ಡದಕ್ಕೆ ಹೊಂದುವದನ್ನು ಆರಿಸಬೇಕು. ಒಳಗಿನ ಮೆತ್ತೆ ಕಳಚಿ ಬರುವಂತಿದ್ದರೆ ಅದನ್ನು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಬೇಕು. ಪಾದ ಯಾವ ಮಗ್ಗುಲಿಗೂ ಹೊರಚೆಲ್ಲಬಾರದು, ಎಲ್ಲಕ್ಕೂ ಉದ್ದವಾದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ತೆರವು ಉಳಿಯಬೇಕು. ಉದ್ದದ ಬೆರಳೆಂದರೆ ಯಾವಾಗಲೂ ಹೆಬ್ಬೆರಳೇ ಅಲ್ಲ, ಕೆಲವರಿಗೆ ಎರಡನೆಯದು. ಆಮೇಲೆ ಅಂಗಡಿಯ ಮೆಟ್ಟಿಲನ್ನು ಇಳಿದು ನೋಡಬೇಕು. ಇಳಿಯುವಾಗ ಬೆರಳಿನ ತುದಿ ಮುಂದಕ್ಕೆ ತಾಗಿದರೆ ಆ ಜೋಡು ಬೇಡವೇ ಬೇಡ. ಘಟ್ಟ ಇಳಿಯುವಲ್ಲಿ ಉಗುರು ಕಪ್ಪಾಗಿ ಕಳಚುವದು ಅದರಿಂದಲೇ. ಉಗುರುಗಳನ್ನು ಹೊರಡುವ ಎರಡು ದಿನ ಮೊದಲು ನೇರವಾಗಿ ಕತ್ತರಿಸಿಕೊಳ್ಳಬೇಕು.

ಭಾರದ ಬೂಟು ಗಟ್ಟಿಮುಟ್ಟೆಂಬ ಭ್ರಮೆ ಎನ್.ಸಿ.ಸಿ. ಮಿತ್ರರಲ್ಲಿ ಹೆಚ್ಚು. ಅಮೇರಿಕೆಯ ಸೈನ್ಯದ ಸಂಶೋಧಕರಾದ ಸೌಲ್ ಮತ್ತು ಗೋಲ್ಡ್‌ಮನ್ ೧೯೬೯ರಲ್ಲಿ ಅಳೆದು ತೋರಿಸಿದಂತೆ, ಕಾಲಿಗೆ ಕಟ್ಟಿದ ಒಂದು ಸೇರು ಭಾರವನ್ನು ಸಾಗಿಸಲು ಬೇಕಾಗುವ ಶಕ್ತಿ, ಅದೇ ಭಾರವನ್ನು ಮೈಮೇಲೆ ಹೊತ್ತಾಗಿನದಕ್ಕಿಂತ ನಾಲ್ಕರಿಂದ ಆರು ಪಟ್ಟು. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ, ಬೀಸಿ, ನಿಲ್ಲಿಸಬೇಕಲ್ಲವೇ? ರಸ್ತೆಯ ಮೇಲೆ ನಡೆಯುವವನಿಗೆ ಹಗುರಾದ ಓಟದ ಬೂಟೇ ಸಾಕು. ಗೋಕಾಕದ ಗುಡ್ಡಗಳಂಥ ಕಲ್ಲುಹಾದಿಯಲ್ಲಿ ಹಿಡಿತವುಳ್ಳ, ಹರಳು ಚುಚ್ಚದಷ್ಟು ದಪ್ಪನೆಯ ಅಟ್ಟೆ ಬೇಕು. ಮಣಕಟ್ಟಿನ ಮೇಲೆ ಬರುವ ಎತ್ತರದ ಬೂಟು ಬೆನ್ನ ಮೇಲೆ ದೊಡ್ಡ ಭಾರ ಹೊತ್ತವನಿಗೆ ಇರಲಿ.

ಚಪ್ಪಲಿಯ ವಿಷಯದಲ್ಲಿ ಕಲಿತವರಿಗೆ ಒಂದು ತಾತ್ಸಾರವಿದೆ, ಅದು ನ್ಯಾಯವಲ್ಲ. ಅಥಣಿ, ನಿಪ್ಪಾಣಿಗಳ ಕಡೆ ತಯಾರಾಗಿ ಕೊಲ್ಹಾಪುರದ ಹೆಸರಿನಿಂದ ಮಾರಾಟವಾಗುವ ಚಪ್ಪಲಿಯ ಚರ್ಮವನ್ನು ಜಾಲಿಯ ತೊಗಟೆ, ಅಣಲೆಕಾಯಿಗಳಿಂದ ಹದ ಮಾಡುವರು. ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವರು. ೨೦೧೮ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಾಪುರ ಜಿಲ್ಲೆಗಳೂ ಸೇರಿದವು. (೨೦೨೫ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯವರು ಇದೇ ಮಾದರಿಯನ್ನು ಮಿಲಾನಿನಲ್ಲಿ ಹೆಸರು ಹೇಳದೆ ಮೆರೆಸಿ, ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡರು.) ತೆರೆದ ಚಪ್ಪಲಿಯಲ್ಲಿ ಗಾಳಿಯಾಡುವದರಿಂದ ಬೆವರು ನಿಲ್ಲದು, ಬೆರಳುಗಳಿಗೆ ಹರವು ಸಿಗುವದು. ಆದರೆ ಹೊಸತು ಉಂಗುಟವನ್ನು ಕಚ್ಚುವದು. ಎಣ್ಣೆ ಹಚ್ಚಿ ವಾರಗಟ್ಟಲೆ ಪಳಗಿಸಬೇಕು. ನೀರು ತಾಗಿತೆಂದರೆ ಆ ಚರ್ಮ ಮೆತ್ತಗಾಗಿ ಹೊಲಿಗೆ ಸಡಿಲುವದು. ಹಿಂದೆ ಪಟ್ಟಿಯಿಲ್ಲದ ಕಾರಣ ಅದು ಜಾರದಂತೆ ಬೆರಳಿನಿಂದ ಹಿಡಿದು ಹಿಡಿದು ಮೀನಖಂಡ ಸೋಲುವದು. ಕುರುಬರು ಇದನ್ನೆಲ್ಲ ಬಲ್ಲರು. ಟೈರಿನ ಅಟ್ಟೆಯ ಭಾರವಾದ ಜೋಡನ್ನು ಅವರು ಆರಿಸಿಕೊಂಡದ್ದು ಜಾಲಿಮುಳ್ಳಿಗೆ ಅಂಜಿ. ಅವರ ನಡಿಗೆ ಕುರಿಯ ನಡಿಗೆ, ಮೇಯುತ್ತ ನಿಲ್ಲುತ್ತ ಸಾಗುವಂಥದು. ದಿನಕ್ಕೆ ಮೂವತ್ತೈದು ಕಿಲೋಮೀಟರು ಧಾವಿಸುವ ಯಾತ್ರಿಕ ಅದನ್ನು ಅನುಕರಿಸಬಾರದು. ಸ್ನಾನದ ಮನೆಯ ಹವಾಯಿ ಚಪ್ಪಲಿಯನ್ನು ಮೆಟ್ಟಿ ಹೊರಡುವವರ ಬಗೆಗೆ ಹೆಚ್ಚು ಹೇಳಲಾರೆ.

ಪಂಢರಪುರದ ಹಾದಿಯ ಶತ್ರು ಬಿಸಿಲಲ್ಲ, ಮಳೆ. ಆಷಾಢದ ಎರೆಮಣ್ಣು ಅಟ್ಟೆಯ ಹಲ್ಲುಗಳಲ್ಲಿ ತುಂಬಿ ಒಂದೊಂದು ಬೂಟನ್ನು ಎರಡು ಬೂಟಿನ ಭಾರ ಮಾಡುವದು. ನೀರು ಒಳಗೆ ಬಾರದ ಬೂಟಿನಿಂದ ನೀರು ಹೊರಗೂ ಹೋಗದೆಂಬದನ್ನು ನೆನಪಿಡಬೇಕು. ಇಲ್ಲಿ ಮಣಕಟ್ಟಿಗೆ ಪಟ್ಟಿಯುಳ್ಳ ರಬ್ಬರಿನ ಸ್ಯಾಂಡಲ್ಲು ಮೇಲು. ತಂಗಿದಲ್ಲೆಲ್ಲ ಕಾಲೊರೆಸಿ ಒಣಗಿಸಿ, ರಾತ್ರಿ ವ್ಯಾಸಲೀನು ಸವರಿ, ಒಣಗಿದ ಕಾಲುಚೀಲ ತೊಟ್ಟು ಮಲಗಬೇಕು. ಖಾನಾಪುರ, ಕಣಕುಂಬಿಗಳ ಕಾಡಿನಲ್ಲಿ ಮಳೆಗಾಲಕ್ಕೆ ಅಲೆಯುವ ಹವ್ಯಾಸಿಗಳಿಗೆ ಇಂಬಳದ ಕಾಟ ಬೇರೆ. ದಟ್ಟ ನೇಯ್ಗೆಯ ಬಟ್ಟೆಯ ಉದ್ದ ಚೀಲವನ್ನು ಮೊಣಕಾಲಿನವರೆಗೆ ಕಟ್ಟುವದೇ ಅದಕ್ಕೆ ಮದ್ದು.

ಶ್ರೀಶೈಲದ ಮಾತಿಗೆ ಬರೋಣ; ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು. ಫಾಲ್ಗುಣದ ಬಿಸಿಲಿನಲ್ಲಿ ಬಾಗಲಕೋಟೆ, ಲಿಂಗಸುಗೂರು, ರಾಯಚೂರುಗಳ ಬಯಲನ್ನು ದಾಟಿ, ಆತ್ಮಕೂರಿನಿಂದಾಚೆ ನಲ್ಲಮಲದ ಕಾಡು ಹೊಕ್ಕು, ಭೀಮನ ಕೊಳ್ಳದಲ್ಲಿ ಇಳಿದು ಹತ್ತಿ ಕೈಲಾಸ ಬಾಗಿಲನ್ನು ಸೇರುವ ಈ ನಡಿಗೆಯನ್ನು ಬಹಳ ಜನ ಬರಿಗಾಲಿನಲ್ಲಿ ಮಾಡುವರು. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರೂ ಇದ್ದಾರೆ. ಬರಿಗಾಲು ಸ್ವತಃ ಕೇಡೆಂದು ಯಾರೂ ತಿಳಿಯಬಾರದು. ಮಣಿಪಾಲದ ವೈದ್ಯರಾದ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ೧೯೯೨ರಲ್ಲಿ ೨,೩೦೦ ಮಕ್ಕಳ ಹೆಜ್ಜೆಯ ಅಚ್ಚುಗಳನ್ನು ಪರೀಕ್ಷಿಸಿ, ಪಾದರಕ್ಷೆ ತೊಡುವವರಲ್ಲಿ ನೂರಕ್ಕೆ ೮.೬ರಷ್ಟು, ತೊಡದವರಲ್ಲಿ ೨.೮ರಷ್ಟು ಮಂದಿಗೆ ಚಪ್ಪಟೆ ಪಾದವಿದೆಯೆಂದು ಪ್ರಕಟಿಸಿದರು. ಮುಂದೆ ಮುಚ್ಚಿದ ಬೂಟಿನವರಲ್ಲಿ ಅದು ಹೆಚ್ಚಾಗಿತ್ತು. ಕೀನ್ಯಾ ದೇಶದ ಬರಿಗಾಲಿನ ಜನರ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಅಂಗಾಲಿನ ದಪ್ಪ ಚರ್ಮದಿಂದ ಸ್ಪರ್ಶಜ್ಞಾನ ಕುಂದುವದೂ ಇಲ್ಲ. ಆದರೆ ಅವು ಹುಟ್ಟಿನಿಂದ ಬರಿಗಾಲಾಗಿದ್ದ ಪಾದಗಳು. ವರ್ಷದಲ್ಲಿ ಮುನ್ನೂರ ಐವತ್ತು ದಿನ ಜೋಡಿನಲ್ಲಿದ್ದು ಹದಿನೈದು ದಿನಕ್ಕೆ ಬರಿಗಾಲಾಗುವವರ ಅಂಗಾಲಿಗೆ ಆ ಕವಚವೆಲ್ಲಿ? ಗಾಳಿಯ ಉಷ್ಣತೆ ೪೦ ಡಿಗ್ರಿಯಿದ್ದಾಗ ಡಾಂಬರು ೬೦ ಡಿಗ್ರಿ ದಾಟುವದು. ಎತ್ತಿನ ಗಾಡಿಯ ಮಣ್ಣುದಾರಿಯಲ್ಲಿ ಹಿರಿಯರು ನಡೆದ ಬರಿಗಾಲು ಬೇರೆ, ಈ ಬರಿಗಾಲು ಬೇರೆ.

ಎಲ್ಲಕ್ಕೂ ಗಂಭೀರವಾದದ್ದು ಸಕ್ಕರೆ ಕಾಯಿಲೆಯವರ ವಿಷಯ. ಕಬ್ಬು ಬೆಲ್ಲಗಳ ನಾಡಿನಲ್ಲಿ ಆ ರೋಗದ ಹೆಸರು ಕೇಳದ ಮನೆ ಈಗ ವಿರಳ. ಬಹಳ ವರ್ಷ ಅದರಿಂದ ಬಳಲಿದವರ ಪಾದದ ನರಗಳು ಸೋತು ಬಿಸಿ, ಮುಳ್ಳು, ನೋವು ಯಾವದೂ ತಿಳಿಯದಂತಾಗುವದು. ಉಳಿದವರು ಗುಳ್ಳೆಯೆದ್ದೊಡನೆ ಕುಂಟುವರು, ಕೂಡುವರು, ಇವರು ಕುಂಟುವದಿಲ್ಲ. ದೇವರ ದಯೆಯಿಂದ ಕಾಲು ನೋಯಲೇ ಇಲ್ಲವೆಂದು ಸಂತೋಷಪಟ್ಟು ನಡೆಯುವರು. ಮನೆಗೆ ಬಂದ ಮೇಲೆ ಗಾಯ ಮಾಯದೆ ಬೆರಳು ಹೋಗುವದು, ಕೆಲವೊಮ್ಮೆ ಕಾಲೇ ಹೋಗುವದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರಾಂಡ್ ಅವರು ಇದರ ಮರ್ಮವನ್ನು ಕಂಡುಹಿಡಿದರು. ಬೆರಳು ಉದುರುವದು ರೋಗದ ನೇರ ಕೆಲಸವಲ್ಲ, ನೋವೆಂಬ ಕಾವಲುಗಾರ ಇಲ್ಲದ್ದರಿಂದ ಆಗುವ ಗಾಯಗಳ ಕೆಲಸ ಎಂದು ತಿಳಿಸಿ, ಅಂಥ ಪಾದಗಳಿಗಾಗಿ ಮೆತ್ತನೆಯ ರಬ್ಬರಿನ ಒಳ ಅಟ್ಟೆಯ ಚಪ್ಪಲಿಗಳನ್ನು ಬಳಕೆಗೆ ತಂದರು. ಸಕ್ಕರೆ ಕಾಯಿಲೆಯವರಿಗೂ ಅದೇ ನ್ಯಾಯ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರು ಕಣ್ಣು ಮುಚ್ಚಿರಲು ಒಂದೊಂದು ಬೆರಳಿನ ತುದಿಯನ್ನು ಮೆಲ್ಲಗೆ ಮುಟ್ಟಿ, ತಿಳಿಯುವದೋ ಎಂದು ಕೇಳಿ ನೋಡಬಹುದು. ಎರಡು ಮೂರು ಬೆರಳು ಉತ್ತರ ಕೊಡದಿದ್ದರೆ ವೈದ್ಯರನ್ನು ಕೇಳದೆ ಅವರನ್ನು ಬರಿಗಾಲಿನಲ್ಲಿ ಕಳಿಸಬಾರದು.

ಹರಕೆ ಹೊತ್ತವರಿಗೆ ಶಾಸ್ತ್ರ ಹೇಳುವ ಅಧಿಕಾರ ನಮಗಿಲ್ಲ. ಆದರೆ ಹರಕೆಯವರೇ ಒಂದು ದಾರಿ ಹುಡುಕಿದ್ದಾರೆ. ಜೋಡು ಬಿಟ್ಟು ಕಾಲುಚೀಲ ಮಾತ್ರ ತೊಟ್ಟು ನಡೆಯುವ ಯಾತ್ರಿಕರುಂಟು. ಅಂದಮೇಲೆ ಅವರಲ್ಲಿ ಹಲವರ ಅಡ್ಡಿ ಇರುವದು ಚರ್ಮಕ್ಕೆ, ಹೊದಿಕೆಗಲ್ಲ. ಹಾಗಿದ್ದರೆ ಕ್ಯಾನ್ವಾಸು, ರಬ್ಬರುಗಳ ಜೋಡಿಗೂ ಅಡ್ಡಿಯಿರಬಾರದು. ಅದರಲ್ಲಿ ಚರ್ಮದ ಎಳೆಯೂ ಇಲ್ಲ. ಕಷ್ಟ ಪಡುವದೇ ಹರಕೆಯೆಂದರೆ ಅದು ಬೇರೆ ಮಾತು. ಅಂಥವರು ಬೆಳಗಿನ ನಾಲ್ಕರಿಂದ ಒಂಬತ್ತರವರೆಗೆ, ಸಂಜೆ ಐದರ ಮೇಲೆ ನಡೆದು, ನಡುಹಗಲನ್ನು ಮರದ ನೆರಳಿಗೆ ಬಿಟ್ಟುಕೊಟ್ಟರೆ ಬಿಸಿಲಿನ ಅರ್ಧ ಪೆಟ್ಟು ತಪ್ಪುವದು. ಬರೇ ಕಾಲುಚೀಲದಲ್ಲಿ ನಡೆಯುವವರು ತೆಳ್ಳಗಿನ ಹತ್ತಿಯದನ್ನು ಬಿಟ್ಟು ದಪ್ಪನೆಯದನ್ನು ಎರಡು ಪದರು ತೊಡಲಿ, ತೂತು ಬಿದ್ದ ದಿನವೇ ಬಿಸಾಡಲಿ.

ಇಷ್ಟಾದರೂ ಗುಳ್ಳೆ ಏಳಬಹುದು. ಅದಕ್ಕೆ ಮುನ್ನ ಒಂದು ಉರಿ, ಒಂದು ಕೆಂಪು ಕಾಣುವದು. ಆಗಲೇ ನಿಂತು ಕಾಗದದ ಅಂಟುಪಟ್ಟಿ ಹಚ್ಚಬೇಕು. ಔಷಧದ ಅಂಗಡಿಯಲ್ಲಿ ಸಿಗುವ ಈ ಅಗ್ಗದ ಪಟ್ಟಿಯನ್ನು ಮೊದಲೇ ಹಚ್ಚಿಕೊಂಡ ಭಾಗಗಳಲ್ಲಿ ಗುಳ್ಳೆಗಳು ನೂರಕ್ಕೆ ನಲವತ್ತರಷ್ಟು ಕಡಿಮೆಯಾದವೆಂದು ೨೦೧೬ರಲ್ಲಿ ಮರುಭೂಮಿಯ ಓಟಗಾರರ ಮೇಲಿನ ಪ್ರಯೋಗದಿಂದ ತಿಳಿದುಬಂದಿದೆ. ಎದ್ದ ಗುಳ್ಳೆ ಸಣ್ಣದಿದ್ದರೆ ಮುಟ್ಟಬಾರದು. ದೊಡ್ಡದಾಗಿ ನಡೆಯಲಿಕ್ಕೆ ಬಿಡದಿದ್ದರೆ ಸೋಪಿನಿಂದ ತೊಳೆದು, ಸ್ಪಿರಿಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮವನ್ನು ಕೀಳದೆ ಪಟ್ಟಿ ಕಟ್ಟಬೇಕು. ಗುಳ್ಳೆಯಲ್ಲಿ ದಾರ ಪೋಣಿಸಿ ಹಾಗೆಯೇ ಬಿಡುವ ಹಳೆಯ ಪದ್ಧತಿ ಕೀವಿಗೆ ದಾರಿ ಮಾಡಿಕೊಡುವದು. ಸಕ್ಕರೆ ಕಾಯಿಲೆಯವರು ತಾವಾಗಿ ಚುಚ್ಚಿಕೊಳ್ಳಲೇಬಾರದು.

ಹೊಸ ಜೋಡನ್ನು ಹೊರಡುವ ದಿನ ಮೆಟ್ಟುವದು ನಮ್ಮಲ್ಲಿ ಶುಭವೆನಿಸಿದೆ. ಕಾಲಿಗೆ ಅದು ಶುಭವಲ್ಲ. ಯುಗಾದಿಗೆ ಹೊರಡುವವರು ಸಂಕ್ರಾಂತಿಯ ಸುಮಾರಿಗೆ ಕೊಳ್ಳಲಿ. ಮೊದಲ ವಾರ ಮನೆಯಿಂದ ಹೊಲಕ್ಕೆ, ಆಮೇಲೆ ಬಾಗೇವಾಡಿಯಿಂದ ಹುಕ್ಕೇರಿಗೆ ಹೋಗಿ ಬರುವಷ್ಟು, ಕಡೆಯ ಎರಡು ರವಿವಾರ ಹೊರುವ ಗಂಟನ್ನೂ ಹೊತ್ತು ಇಪ್ಪತ್ತೈದು ಕಿಲೋಮೀಟರಿನಷ್ಟು ನಡೆದು ನೋಡಲಿ. ಅಷ್ಟರಲ್ಲಿ ಕಚ್ಚುವ ಜೋಡು ಎಲ್ಲಿ ಕಚ್ಚುವದೆಂಬದು ಗೊತ್ತಾಗುವದು. ಆ ಜಾಗವನ್ನು ನಮ್ಮೂರ ಸಮಗಾರ ಒಂದು ತುಣುಕು ಮೆತ್ತೆಯಿಂದಲೋ, ಕಟ್ಟಿಗೆಯ ಅಚ್ಚಿನಿಂದ ಹಿಗ್ಗಿಸಿಯೋ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿ ಕೊಡುವನು.